ಶೇಕ್ಸ್‌ಪಿಯರನ ಅಪ್ಪನ ತಿಪ್ಪೆ

ಕಾಲೇಜಿನ ಮಕ್ಕಳನ್ನು ಕರ್ಕೊಂಡು ಇಂಗ್ಲೆಂಡಿಗೆ ಹೋಗಿ ಬಂದ್ರಂತೆ, ಹೇಗಿತ್ತು ಅಂತ ಶಿರಸಿಯಲ್ಲಿ ಎದುರು ಸಿಕ್ಕವರೆಲ್ಲ ಕೇಳುತ್ತಾರೆ. ಚಳಿ ಎಷ್ಟಿತ್ತು, ಊಟಕ್ಕೆ ಏನು ಮಾಡಿದ್ರಿ, ರಾಣಿ ಅರಮನೆ ನೋಡಿದ್ರಾ. ಉತ್ತರ ಹೇಳಿ ಹೇಳಿ ಬಾಯಿಪಾಠವಾಗಿದೆ. ಶೇಕ್ಸ್‌ಪಿಯರನ ಅಪ್ಪನ ತಿಪ್ಪೆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

1552ನೇ ಇಸವಿ. ಸ್ಟ್ರಾಟ್‌ಫರ್ಡ್ ಎಂಬ ಪೇಟೆಯಲ್ಲಿ ಚರ್ಮದ ಕೈಗವಸು ಮಾಡುವ ಜಾನ್ ಶೇಕ್ಸ್‌ಪಿಯರ್ ಎಂಬಾತನಿಗೆ ಒಂದು ಶಿಲ್ಲಿಂಗ್ ದಂಡ ಬೀಳುತ್ತದೆ. ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕೆ. ಆ ಊರಿನ ದಾಖಲೆಯಲ್ಲಿ ಜಾನನ ಹೆಸರು ಮೊದಲು ಸಿಗುವುದೇ ಈ ದಂಡದ ಲೆಕ್ಕದಲ್ಲಿ. ಮಗ ವಿಲಿಯಂ ಹುಟ್ಟಲು ಇನ್ನೂ ಹನ್ನೆರಡು ವರ್ಷ ಇತ್ತು. ಇದನ್ನು ಕೇಳಿದ್ದೇ ನಮ್ಮ ಹುಡುಗರಿಗೆ ಶೇಕ್ಸ್‌ಪಿಯರ್ ಇದ್ದಕ್ಕಿದ್ದಂತೆ ನೆಂಟರ ಪೈಕಿ ಆದ. ಕೊಟ್ಟಿಗೆ ಇರುವ ಮನೆಯವರು. ಗೊಬ್ಬರ ಎಲ್ಲಿ ಹಾಕಬೇಕು ಅಂತ ಪಕ್ಕದ ಮನೆಯವರ ಜತೆ ಜಗಳ ಆಗದ ಮನೆ ನಮ್ಮ ಕಡೆ ಯಾವುದಿದೆ ಹೇಳಿ.

ನಾನು ಇಲ್ಲಿಯ ಡಿಗ್ರಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೋದವರಲ್ಲಿ ಅರ್ಧ ನಮ್ಮ ಕಾಲೇಜಿನ ಮಕ್ಕಳು, ಇನ್ನರ್ಧ ಕಾರವಾರ, ಅಂಕೋಲೆ, ಹೊನ್ನಾವರ ಕಡೆಯವರು. ಒಂದೇ ಕಾಲೇಜಿನಿಂದ ಅಷ್ಟು ದುಡ್ಡು ಹೊಂದಿಸುವ ಮನೆಗಳು ಬಸ್ಸು ತುಂಬುವಷ್ಟು ಸಿಗುವುದಿಲ್ಲ, ಅದಕ್ಕೇ ಸೇರಿಸಿಕೊಂಡು ಹೋದದ್ದು. ವೀಸಾದ ಪಾಡು ಹೇಳುವುದು ಬೇಡ. ಬೆರಳಚ್ಚು ಕೊಡಲು ಎಲ್ಲರೂ ಬೆಂಗಳೂರಿಗೆ ಹೋಗಬೇಕಾಯಿತು. ಬ್ಯಾಂಕಿನ ಸ್ಟೇಟ್‌ಮೆಂಟ್ ತನ್ನಿ ಅಂದರೆ ಅರ್ಧ ಅಪ್ಪಂದಿರು ಸೊಸೈಟಿಯ ಪಾಸ್‌ಬುಕ್ ತಂದರು. ಅಡಿಕೆ ಲೆಕ್ಕ ಎಲ್ಲ ಅದರಲ್ಲೇ ಅಲ್ವಾ ಇರುವುದು! ಅದನ್ನು ವೀಸಾ ಅರ್ಜಿಗೆ ತಕ್ಕ ಹಾಗೆ ವಿವರಿಸಿ ಬರೆಯುವಷ್ಟರಲ್ಲಿ ನಮ್ಮ ಅಕೌಂಟೆನ್ಸಿ ಮಾಸ್ತರಿಗೆ ಸಾಕುಬೇಕಾಯಿತು.

ಹೆಸರಿಗೆ ಇದು ಇಂಗ್ಲಿಷ್ ಸಾಹಿತ್ಯದ ಶೈಕ್ಷಣಿಕ ಪ್ರವಾಸ. ನಿಜವಾಗಿ ನಾವು ನೋಡಿದ್ದು ಹೆಚ್ಚಾಗಿ ಮನೆಗಳನ್ನು. ಯಾರೋ ಹುಟ್ಟಿದ ಮನೆ, ಬಾಡಿಗೆಗಿದ್ದ ಮನೆ, ಸತ್ತ ಮನೆ. ಮನೆ ನೋಡುವುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಯಾರು ಎಲ್ಲಿ ಮಲಗುತ್ತಿದ್ದರು, ಬಚ್ಚಲು ಎಲ್ಲಿ, ನೀರು ಎಲ್ಲಿಂದ, ಖರ್ಚು ಯಾರದ್ದು. ಕ್ಲಾಸಿನಲ್ಲಿ ‘ರೊಮ್ಯಾಂಟಿಕ್ ಯುಗದ ಲಕ್ಷಣಗಳು’ ಅಂದರೆ ಕಿಟಕಿ ಆಚೆ ನೋಡುವವರು ಅಲ್ಲಿ ಗೈಡುಗಳ ಬೆನ್ನು ಬಿಡಲಿಲ್ಲ.

ಲಂಡನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಿಂಗ್ಸ್ ಕ್ರಾಸ್ ಸ್ಟೇಶನ್ನಿನಲ್ಲಿ ಗೋಡೆಯೊಳಗೆ ಅರ್ಧ ಹೊಕ್ಕ ತಳ್ಳುಗಾಡಿ ಇಟ್ಟಿದ್ದಾರೆ, ಹ್ಯಾರಿ ಪಾಟರ್‌ನ ಒಂಬತ್ತು ಮುಕ್ಕಾಲನೇ ಪ್ಲಾಟ್‌ಫಾರ್ಮು. ಅದರ ಮುಂದೆ ಫೋಟೋಗೆ ಕ್ಯೂ ನಿಂತು ನಮ್ಮ ಒಂದು ಬೆಳಗ್ಗೆ ಹೋಯಿತು. ಬ್ರಿಟಿಷ್ ಲೈಬ್ರರಿ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ, ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಬೇವುಲ್ಫ್ ಎಂಬ ಹಳೆಯ ಇಂಗ್ಲಿಷ್ ಕಾವ್ಯದ ಸುಟ್ಟ ಅಂಚಿನ ಹಸ್ತಪ್ರತಿ ಇರುವುದು ಅಲ್ಲಿ. ಕ್ಯೂ ಮಾತ್ರ ತಳ್ಳುಗಾಡಿಗೇ.

ವೆಸ್ಟ್‌ಮಿನ್‌ಸ್ಟರ್ ಅಬ್ಬಿ ಎಂಬ ದೊಡ್ಡ ಚರ್ಚಿನೊಳಗೆ, ಕವಿಗಳನ್ನು ಹೂಳಿದ ಮೂಲೆಯಲ್ಲಿ ಒಂದು ಸಂಗತಿ ಎಲ್ಲರಿಗೂ ಹಿಡಿಸಿತು. ಚಾಸರನನ್ನು ಅಲ್ಲಿ ಹೂಳಿದ್ದು ಕವಿ ಅಂತ ಅಲ್ಲ. ಅವನು ಆ ಅಬ್ಬಿಯ ಆವರಣದ ಮನೆಯೊಂದರಲ್ಲಿ ಬಾಡಿಗೆಗಿದ್ದ. 1399ರ ಡಿಸೆಂಬರಿನಲ್ಲಿ 53 ವರ್ಷಕ್ಕೆ ಕರಾರು ಮಾಡಿಕೊಂಡು, ವರ್ಷ ತುಂಬುವ ಮೊದಲೇ, 1400ರಲ್ಲಿ ತೀರಿಕೊಂಡ. ಆಗಲೇ ಅವನಿಗೆ ಐವತ್ತು ದಾಟಿತ್ತು. “ಅಷ್ಟು ವಯಸ್ಸಿಗೆ 53 ವರ್ಷದ ಕರಾರು ಯಾರು ಮಾಡ್ತಾರೆ ಮೇಡಂ?” ಅಂತ ಯಲ್ಲಾಪುರದ ಹುಡುಗಿ ಕೇಳಿದಳು. ಅವಳ ಅಪ್ಪ ದಸ್ತಾವೇಜು ಬರೆಯುವವರು. ಚಾಸರ್ ಮಲಗಿದ ಕಾರಣಕ್ಕೆ ಮುಂದೆ ಕವಿ ಸ್ಪೆನ್ಸರ್ ಬಂದ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಬಾಡಿಗೆದಾರನೊಬ್ಬನಿಂದ ಇಡೀ ಮೂಲೆ ಹುಟ್ಟಿತು.

ಗ್ಲೋಬ್ ರಂಗಮಂದಿರದಲ್ಲಿ ನಿಂತುಕೊಂಡೇ ನಾಟಕ ನೋಡಿದೆವು. ನಿಲ್ಲುವ ಟಿಕೆಟ್ ಎಲ್ಲಕ್ಕಿಂತ ಅಗ್ಗ. ಮಧ್ಯೆ ಸೂರಿಲ್ಲ, ಮಳೆ ಬಂದರೂ ಕೊಡೆ ಬಿಚ್ಚುವ ಹಾಗಿಲ್ಲ, ಹಿಂದಿನವರಿಗೆ ಕಾಣುವುದಿಲ್ಲ ಅಂತ. ಮಳೆ ಬಂತು. ಹೊನ್ನಾವರದ ಹುಡುಗನೊಬ್ಬನ ಅಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ಇವನು ನಾಟಕ ಶುರುವಾಗುವ ಮೊದಲೇ ಚೌಕಿ ಎಲ್ಲಿ ಅಂತ ಹುಡುಕತೊಡಗಿದ. ರಂಗದ ಹಿಂದಿನ ಬಾಗಿಲುಗಳ ಆಚೆಗೇ ವೇಷ ಕಟ್ಟುವ ಜಾಗ. ಅದಕ್ಕಿಂತ ಅವನಿಗೆ ಆಶ್ಚರ್ಯವಾದದ್ದು ವಾದ್ಯದವರು ರಂಗಸ್ಥಳದ ತಲೆಯ ಮೇಲೆ, ಉಪ್ಪರಿಗೆಯಲ್ಲಿ ಕೂತಿದ್ದು. “ವೇಷ ಕಾಣದೆ ಹೇಗೆ ಬಾರಿಸ್ತಾರೆ? ಮುಖ ನೋಡ್ಬೇಕಲ್ಲ,” ಅಂದ. ಹೆಣ್ಣುಪಾತ್ರಗಳನ್ನು ಶೇಕ್ಸ್‌ಪಿಯರನ ಕಾಲದಲ್ಲಿ ಹುಡುಗರೇ ಮಾಡುತ್ತಿದ್ದರು ಅಂತ ಗೈಡಮ್ಮ ದೊಡ್ಡ ಸುದ್ದಿ ಎಂಬಂತೆ ಹೇಳಿದಾಗ ನಮ್ಮವರು ಯಾರೂ ಹುಬ್ಬೇರಿಸಲಿಲ್ಲ. ಪಾಪ, ಆಕೆಗೆ ಸ್ವಲ್ಪ ನಿರಾಸೆಯಾಗಿರಬೇಕು.

ಈಗಿರುವ ಗ್ಲೋಬ್ ಹೊಸದು. ಶೇಕ್ಸ್‌ಪಿಯರನ ಕಾಲದ, 1599ರದ್ದು 1613ರ ಜೂನ್ 29ರಂದು ನಾಟಕ ನಡೆಯುತ್ತಿರುವಾಗಲೇ ಸುಟ್ಟುಹೋಯಿತು. ರಾಜ ಬರುವ ಸನ್ನಿವೇಶಕ್ಕೆ ಫಿರಂಗಿ ಹಾರಿಸಿದ್ದಾರೆ, ಕಿಡಿ ಹುಲ್ಲಿನ ಮಾಡಿಗೆ ಬಿದ್ದಿದೆ. ಒಬ್ಬನ ಚಡ್ಡಿಗೆ ಬೆಂಕಿ ತಗುಲಿ, ಬಾಟಲಿಯಲ್ಲಿದ್ದ ಬಿಯರ್ ಸುರಿದು ಆರಿಸಿಕೊಂಡನಂತೆ, ಆ ಕಾಲದ ಪತ್ರವೊಂದರಲ್ಲೇ ಇದು ಬರುತ್ತದೆ. ಅದನ್ನು ಮತ್ತೆ ಕಟ್ಟಬೇಕು ಅಂತ ಹಟ ಹಿಡಿದದ್ದು ಇಂಗ್ಲೆಂಡಿನವರಲ್ಲ, ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟ. 1949ರಲ್ಲಿ ಬಂದು ಗ್ಲೋಬ್ ಎಲ್ಲಿ ಅಂತ ಹುಡುಕಿದರೆ ಸಿಕ್ಕಿದ್ದು ಗೋಡೆ ಮೇಲೊಂದು ಫಲಕ. ಆಮೇಲೆ ದಶಕಗಟ್ಟಲೆ ದುಡ್ಡು ಎತ್ತಿದ. 1993ರಲ್ಲಿ ಸತ್ತ. ರಂಗಮಂದಿರ ಬಾಗಿಲು ತೆರೆದದ್ದು 1997ರಲ್ಲಿ. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲು ಹೊದೆಸಿದ ಮೊದಲ ಕಟ್ಟಡ ಅದು.

ಲಂಡನ್ ಬಿಟ್ಟ ಮೇಲೆ ಎಲ್ಲ ಬಸ್ಸಿನಲ್ಲೇ. ಅಲ್ಲಿಯ ಬಸ್ ಡ್ರೈವರು ನಾಲ್ಕೂವರೆ ತಾಸು ಓಡಿಸಿದರೆ ಮುಕ್ಕಾಲು ತಾಸು ಬಿಡುವು ತೆಗೆದುಕೊಳ್ಳಲೇಬೇಕು, ಕಾನೂನು. ನಾವು ಎಷ್ಟು ತಡವಾಗಿದೆ ಅಂತ ಕೈ ಕೈ ಹಿಸುಕಿಕೊಂಡರೂ ನಮ್ಮ ಡ್ರೈವರು ಸ್ಯಾಂಡ್‌ವಿಚ್ ಬಿಚ್ಚಿ ಪೇಪರ್ ಓದುತ್ತಾ ಕೂತಿರುತ್ತಿದ್ದರು. ದೇವಿಮನೆ ಘಟ್ಟದಲ್ಲಿ ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುವುವವರನ್ನು ನೋಡಿ ಬೆಳೆದವರು ನಾವು. ಮೊದಲೆರಡು ದಿನ ಸಿಟ್ಟು ಬಂತು, ಆಮೇಲೆ ಹೊಂದಿಕೊಂಡೆವು.

ಹ್ಯಾಂಪ್‌ಶೈರಿನ ಚಾಟನ್ ಎಂಬ ಹಳ್ಳಿಯಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಮನೆ. 1809ರಿಂದ 1817ರವರೆಗೆ ಅವಳು ಅಲ್ಲಿದ್ದಳು. ಅಮ್ಮ, ಅಕ್ಕ ಕಸಾಂಡ್ರಾ, ಗೆಳತಿ ಮಾರ್ತಾ ಲಾಯ್ಡ್, ಹೀಗೆ ನಾಲ್ಕು ಹೆಂಗಸರ ಮನೆ. ಅಪ್ಪ ತೀರಿಕೊಂಡ ಮೇಲೆ ಊರೂರು ತಿರುಗಿ ಕೊನೆಗೆ ಅಣ್ಣ ಎಡ್ವರ್ಡ್ ಕೊಡಿಸಿದ ಮನೆ. ಈ ಅಣ್ಣನಿಗೆ ಅಷ್ಟು ಆಸ್ತಿ ಎಲ್ಲಿಂದ ಬಂತು ಅಂತ ಮಕ್ಕಳಿಗೆ ಪ್ರಶ್ನೆ. ಮಕ್ಕಳಿಲ್ಲದ ಶ್ರೀಮಂತ ನೆಂಟರು ಅವನನ್ನು ದತ್ತು ತೆಗೆದುಕೊಂಡಿದ್ದರು, ಹೆಸರೂ ನೈಟ್ ಅಂತ ಬದಲಾಯಿತು. ನಮ್ಮ ಕಾಲೇಜಿನ ಕೂಸೊಂದು ತಟ್ಟನೆ ಹೇಳಿತು: “ನಮ್ಮ ಸಣ್ಣಜ್ಜನೂ ಹೀಗೇ ದತ್ತು ಹೋದವ್ರು. ಆದ್ರೆ ಅವ್ರು ತಂಗಿಯರಿಗೆ ಮನೆ ಕೊಡ್ಲಿಲ್ಲ.” ಆಮೇಲೆ ಆ ಮನೆಯ ಕೋಣೆ ಕೋಣೆಯಲ್ಲಿ ಅವರದ್ದೇ ಚರ್ಚೆ. ಅಣ್ಣ ಎಷ್ಟು ವರ್ಷ ತಡ ಮಾಡಿದ, ಮೊದಲೇ ಕೊಡಬಹುದಿತ್ತಲ್ಲ, ಅತ್ತಿಗೆ ಬೇಡ ಅಂದಿರಬೇಕು. ಆಸ್ಟಿನ್ ಕಾದಂಬರಿಗಳಲ್ಲಿ ಆಸ್ತಿ ಯಾರಿಗೆ ಎಂಬ ಚಿಂತೆ ಯಾಕೆ ಅಷ್ಟು ಅಂತ ನಾನು ಬೋರ್ಡಿನ ಮೇಲೆ ಬರೆದು ವಿವರಿಸುವುದು ಇನ್ನು ಬೇಕಾಗುವುದಿಲ್ಲ.

ಅವಳು ಬರೆಯುತ್ತಿದ್ದ ಮೇಜು ಅಂತ ತೋರಿಸುವುದು ಹನ್ನೆರಡು ಮೂಲೆಯ ಪುಟ್ಟ ಮೇಜು. ಒಂದು ಕಾಗದ, ಒಂದು ದೌತಿ ಇಟ್ಟರೆ ಮುಗಿಯಿತು, ಮೊಣಕೈ ಊರಲು ಜಾಗ ಇಲ್ಲ. ಆ ಮನೆಯಲ್ಲಿ ಕಿರುಗುಡುವ ಬಾಗಿಲೊಂದಿತ್ತು. ಯಾರಾದರೂ ಬಂದರೆ ಗೊತ್ತಾಗಲಿ, ಬರೆದದ್ದು ಮುಚ್ಚಿಡಲು ಆಗಲಿ ಅಂತ ಅದನ್ನು ಸರಿ ಮಾಡಿಸಲು ಬಿಡಲಿಲ್ಲ ಅಂತ ಅವಳ ಅಣ್ಣನ ಮಗ ಬರೆದಿದ್ದಾನೆ. ಬೆಳಗಿನ ತಿಂಡಿ ಮಾಡುವುದು, ಚಹಾ ಸಕ್ಕರೆ ಬೀಗದಲ್ಲಿಡುವುದು ಅವಳ ಪಾಲಿನ ಕೆಲಸ. ಉಳಿದದ್ದನ್ನು ಹೆಚ್ಚಾಗಿ ಕಸಾಂಡ್ರಾ, ಮಾರ್ತಾ ನೋಡಿಕೊಂಡರು. ಅವರಿಬ್ಬರು ಅಡಿಗೆಮನೆ ಕಡೆಯ ಹೊರೆ ಹೊತ್ತುಕೊಂಡದ್ದರಿಂದಲೇ ಆ ಮೇಜಿನ ಮೇಲೆ ಕಾದಂಬರಿಗಳಾದವು ಅಂತ ನನ್ನ ಲೆಕ್ಕ. ಇವತ್ತು ನಾವು ಹಾಡಿ ಹೊಗಳುವ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಹಕ್ಕನ್ನು ಅವಳು 110 ಪೌಂಡಿಗೆ ಪೂರ್ತಿ ಮಾರಿಬಿಟ್ಟಳು. ಕೇಳಿದ್ದು 150. ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿ ಅವಳ ಸಮಾಧಿ ಕಲ್ಲು ನೋಡಿದೆವು. ಒಳ್ಳೆಯ ಗುಣ, ತಾಳ್ಮೆ, ಭಕ್ತಿ ಎಲ್ಲ ಬರೆದಿದ್ದಾರೆ. ಕಾದಂಬರಿ ಬರೆದಳು ಅಂತ ಇಲ್ಲ.

ಆಕ್ಸ್‌ಫರ್ಡಿಗೆ ಸಿಕ್ಕಿದ್ದು ಒಂದಿಷ್ಟು ಹೊತ್ತು ಮಾತ್ರ. ಸೇಂಟ್ ಮೇರಿ ಚರ್ಚಿಗೆ ಹೋದೆವು, ಜಾನ್ ಹೆನ್ರಿ ನ್ಯೂಮನ್ 1828ರಿಂದ 1843ರವರೆಗೆ ಅಲ್ಲಿ ಪಾದ್ರಿಯಾಗಿದ್ದ. ‘ಕರುಣಾಳು ಬಾ ಬೆಳಕೆ’ ಅಂತ ನಾವೆಲ್ಲ ಶಾಲೆಯಲ್ಲಿ ಹಾಡಿದ್ದು ಬಿ.ಎಂ.ಶ್ರೀ ಕನ್ನಡಕ್ಕೆ ತಂದ ಅವನ ಕವಿತೆಯನ್ನೇ. ಅದು ಹುಟ್ಟಿದ್ದು ಚರ್ಚಿನಲ್ಲಲ್ಲ. 1833ರಲ್ಲಿ ಇಟಲಿ ಕಡೆಗೆ ಹೋಗಿ ಜ್ವರ ಬಂದು ಮಲಗಿ, ಎದ್ದು ಮನೆಗೆ ಹೊರಟಾಗ ಅವನಿಗೆ ಸಿಕ್ಕಿದ್ದು ಕಿತ್ತಳೆ ಹಣ್ಣು ಒಯ್ಯುವ ಹಾಯಿದೋಣಿ. ನಡುದಾರಿಯಲ್ಲಿ ಗಾಳಿ ನಿಂತುಹೋಗಿ ಒಂದು ವಾರ ಅಲ್ಲೇ ನಿಂತರು. ಆಗ ಬರೆದದ್ದು. ಕಾರವಾರದ ಬೈತಖೋಲದ ಹುಡುಗಿ ನಮ್ಮ ಜತೆ ಇದ್ದಳು, ಮನೆಯಲ್ಲಿ ಬೋಟು ಇದೆ. ಒಂದು ವಾರ ಕುಡಿಯುವ ನೀರಿಗೆ ಏನು ಮಾಡಿದರು ಅಂತ ಅವಳ ಪ್ರಶ್ನೆ. ನನಗೂ ಅದೇ ಅನಿಸಿತು. ಹಣ್ಣಂತೂ ಇತ್ತಲ್ಲ ಅಂತ ಯಾರೋ ಅಂದರು.

ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡಿನ ಮನೆಗೆ ಬರೋಣ. ಮರದ ಚೌಕಟ್ಟು, ನಡುವೆ ಮಣ್ಣು ಮೆತ್ತಿದ ಗೋಡೆ, ತಗ್ಗು ಬಾಗಿಲು. ಒಂದು ಭಾಗದಲ್ಲಿ ಅಪ್ಪನ ಕೆಲಸದ ಕೋಣೆ. ಚರ್ಮ ಹದ ಮಾಡುವ ಕಸುಬು ಅಂದಮೇಲೆ ಮನೆ ತುಂಬ ಎಂಥ ವಾಸನೆ ಇದ್ದಿರಬೇಕು ಅಂತ ಯೋಚಿಸಿ. ಈಗ ಮೇಣದ ಪಾಲಿಶಿನ ಪರಿಮಳ. ಹುಟ್ಟಿದ ಕೋಣೆಯ ಕಿಟಕಿ ಗಾಜಿನ ಮೇಲೆ ಹಿಂದಿನ ಪ್ರವಾಸಿಗರು ಹೆಸರು ಗೀಚಿದ್ದಾರೆ. ದೊಡ್ಡ ಲೇಖಕರಾದ ವಾಲ್ಟರ್ ಸ್ಕಾಟ್, ಥಾಮಸ್ ಕಾರ್ಲೈಲ್ ಇವರೆಲ್ಲ ಗೀಚಿದವರೇ. ಆ ಗಾಜನ್ನು ಈಗ ಜೋಪಾನ ಮಾಡಿ ಇಟ್ಟಿದ್ದಾರೆ. “ನಾವು ಮಿರ್ಜಾನ ಕೋಟೆ ಮೇಲೆ ಹೆಸ್ರು ಕೆತ್ತಿದ್ರೆ ಬೈತ್ರಿ,” ಅಂತ ಅಂಕೋಲೆ ಹುಡುಗ ನನ್ನ ಮುಖ ನೋಡಿದ. ನೀನು ಮೊದಲು ಸ್ಕಾಟ್ ಆಗು, ಆಮೇಲೆ ಕೆತ್ತು ಅಂದೆ.

ಮನೆಯ ಹಿಂದಿನ ತೋಟದಲ್ಲಿ ರವೀಂದ್ರನಾಥ ಟಾಗೋರರ ಪ್ರತಿಮೆ ಇದೆ. ನನಗೆ ಗೊತ್ತಿತ್ತು, ಬೇಕೆಂದೇ ಹೇಳಿರಲಿಲ್ಲ. ಕಾರವಾರದವರು ಅದನ್ನು ನೋಡಿದ್ದೇ ತಡ, “ಅರೇ, ನಮ್ಮ ಬೀಚಿನ ಅಜ್ಜ!” ಅಂತ ಕೂಗಿಕೊಂಡರು. ಅಲ್ಲಿದ್ದ ಜಪಾನಿ ಪ್ರವಾಸಿಗರು ತಿರುಗಿ ನೋಡಿದರು. ಟಾಗೋರರ ಅಣ್ಣ ಸತ್ಯೇಂದ್ರನಾಥ, ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಸೇರಿದ ಮೊದಲ ಭಾರತೀಯ, ಕಾರವಾರದಲ್ಲಿ ಜಡ್ಜ್ ಆಗಿದ್ದವರು. ತಮ್ಮ 1883ರಲ್ಲಿ ಬಂದು ಅಣ್ಣನ ಮನೆಯಲ್ಲಿ ಉಳಿದರು, ಇಪ್ಪತ್ತೆರಡರ ಹುಡುಗ. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ರಾತ್ರಿ ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಮನೆಗೆ ಬಂದದ್ದನ್ನು ಅವರೇ ಬರೆದುಕೊಂಡಿದ್ದಾರೆ. ನಾಟಕವೊಂದನ್ನೂ ಅಲ್ಲಿದ್ದಾಗ ಬರೆದರು. ಮುಂದೆ 1916ರಲ್ಲಿ, ಶೇಕ್ಸ್‌ಪಿಯರ್ ತೀರಿ 300 ವರ್ಷವಾದಾಗ, ಅವನ ಮೇಲೆ ಅವರು ಬರೆದ ಕವಿತೆಯೊಂದು ಪ್ರಕಟವಾಯಿತು. ಕಾರವಾರದ ಬೀಚಿಗೆ ಟಾಗೋರರ ಹೆಸರಿದೆ ಅಂತ ಎಲ್ಲರಿಗೂ ಗೊತ್ತು. ಯಾಕೆ ಅಂತ ಆ ಊರಿನ ಹುಡುಗರಿಗೂ ಸರಿಯಾಗಿ ಗೊತ್ತಿರಲಿಲ್ಲ, ಸ್ಟ್ರಾಟ್‌ಫರ್ಡಿನ ಬೆಂಚಿನ ಮೇಲೆ ಕೂತು ಹೇಳಿದ್ದಾಯಿತು.

ಶೇಕ್ಸ್‌ಪಿಯರ್ ದುಡ್ಡು ಮಾಡಿ ಕೊಂಡ ದೊಡ್ಡ ಮನೆ ಇದಲ್ಲ, ನ್ಯೂ ಪ್ಲೇಸ್ ಅಂತ. ಅದು ಈಗಿಲ್ಲ. ಮುಂದೆ ಅದನ್ನು ಕೊಂಡ ಗ್ಯಾಸ್ಟ್ರೆಲ್ ಎಂಬ ಪಾದ್ರಿಗೆ ನೋಡಲು ಬರುವವರ ಕಾಟ ತಡೆಯಲಾಗಲಿಲ್ಲ. ಮೊದಲು ಶೇಕ್ಸ್‌ಪಿಯರ್ ನೆಟ್ಟದ್ದು ಅಂತ ಹೇಳುವ ಹಿಪ್ಪುನೇರಳೆ ಮರ ಕಡಿಸಿದ. ತೆರಿಗೆ ಜಗಳವೂ ಸೇರಿ 1759ರಲ್ಲಿ ಮನೆಯನ್ನೇ ಕೆಡವಿಸಿದ. ಊರವರು ಅವನನ್ನು ಓಡಿಸಿದರಂತೆ. ನಮ್ಮಂಥ ಗುಂಪು ದಿನಾ ಗೇಟಿನ ಹತ್ತಿರ ಗದ್ದಲ ಮಾಡಿದ್ದರೆ ನಾನೂ ಏನು ಮಾಡುತ್ತಿದ್ದೆನೋ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಮೂರು ಜನರ ಚೀಲದಲ್ಲಿ ಇತ್ತು, ಬಸ್ಸಿಗೆಲ್ಲ ಸಾಕಾಯಿತು. ತೊಡೆದೇವು ತಂದವರದ್ದು ಬೆಂಗಳೂರು ತಲುಪುವ ಹೊತ್ತಿಗೇ ಪುಡಿಪುಡಿ. ಸಸ್ಯಾಹಾರಿಗಳಿಗೆ ಸಿಪ್ಪೆ ಸಮೇತ ಬೇಯಿಸಿದ ಬಟಾಟೆ, ಮೇಲೆ ಸಿಹಿ ಟೊಮೆಟೊ ರಸದ ಬೀನ್ಸ್. ಅದಕ್ಕೆ ಜಾಕೆಟ್ ಪೊಟ್ಯಾಟೊ ಅಂತ ಹೆಸರು. ಮೀನು ತಿನ್ನುವ ಕರಾವಳಿ ಹುಡುಗರು ಫಿಶ್ ಅಂಡ್ ಚಿಪ್ಸ್ ಅಂತ ಕುಣಿದುಕೊಂಡು ಹೋಗಿ, ಖಾರವಿಲ್ಲ ಹುಳಿಯಿಲ್ಲ ಅಂತ ಮೋರೆ ಹಾಕಿಕೊಂಡು ಬಂದರು. ಒಂದು ಊರಿನ ಹೋಟೆಲಿನವರು ಮೊದಲೇ ಹೇಳಿದ್ದರೂ ರಾತ್ರಿ ಊಟ ಇಟ್ಟಿರಲಿಲ್ಲ, ಅವತ್ತು ಎಲ್ಲರಿಗೂ ಅವಲಕ್ಕಿ.

ಈಗ ಹಾವರ್ತ್.

ನಮ್ಮ ಸಿಲೆಬಸ್ಸಿನಲ್ಲಿ ಹಾವರ್ತ್ ಅಂದರೆ ಗಾಳಿ, ಬೋಳು ಗುಡ್ಡ, ಒಂಟಿತನ, ಅಲ್ಲಿ ಬೆಳೆದ ಕಾದಂಬರಿಗಾರ್ತಿಯರಾದ ಬ್ರಾಂಟೆ ಸೋದರಿಯರ ಪ್ರತಿಭೆ. ಅದೆಲ್ಲ ಇದೆ. ಯಾರ್ಕ್‌ಶೈರಿನ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಊರು, ಕಲ್ಲು ಹಾಸಿದ ಕಡಿದಾದ ಬೀದಿ. ಎಲ್ಲಕ್ಕಿಂತ ಮೇಲೆ ಚರ್ಚು, ಅದರಾಚೆ ಪಾದ್ರಿಯ ಮನೆ. ಮನೆಗೂ ಚರ್ಚಿಗೂ ನಡುವೆ ಸ್ಮಶಾನ. ಸಮಾಧಿ ಕಲ್ಲುಗಳು ಒಂದಕ್ಕೊಂದು ತಾಗುವ ಹಾಗೆ ಒತ್ತೊತ್ತಾಗಿ ಮಲಗಿವೆ.

ಮನೆ 1928ರಿಂದ ಮ್ಯೂಸಿಯಂ. ಊಟದ ಕೋಣೆಯಲ್ಲಿ ಒಂದು ಮೇಜು. ರಾತ್ರಿ ಶಾರ್ಲೆಟ್, ಎಮಿಲಿ, ಆ್ಯನ್ ಮೂವರೂ ಅದರ ಸುತ್ತ ನಡೆಯುತ್ತಾ ತಾವು ಬರೆದದ್ದನ್ನು ಓದಿ ಹೇಳುತ್ತಿದ್ದರು. ಪಕ್ಕದಲ್ಲಿ ಒಂದು ಸೋಫಾ, ಎಮಿಲಿ ಪ್ರಾಣ ಬಿಟ್ಟದ್ದು ಅದರ ಮೇಲೆ ಅಂತ ಹೇಳುತ್ತಾರೆ. ಚಿಕ್ಕವರಿದ್ದಾಗ ಮಾಡಿದ ಪುಸ್ತಕಗಳನ್ನು ಗಾಜಿನೊಳಗೆ ಇಟ್ಟಿದ್ದಾರೆ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡವು, ಅಕ್ಷರ ಓದಲು ಭೂತಕನ್ನಡಿ ಬೇಕು. ಅಡಿಗೆಮನೆಯಲ್ಲಿ ಎಮಿಲಿ ಬ್ರೆಡ್ಡಿನ ಹಿಟ್ಟು ನಾದುತ್ತಾ ಎದುರಿಗೆ ಜರ್ಮನ್ ಪುಸ್ತಕ ಒರಗಿಸಿಟ್ಟುಕೊಂಡು ಓದುತ್ತಿದ್ದಳಂತೆ. ಮೂವರೂ ಗಂಡಸರದ್ದೋ ಹೆಂಗಸರದ್ದೋ ಗೊತ್ತಾಗದ ಹೆಸರಿಟ್ಟುಕೊಂಡು 1846ರಲ್ಲಿ ತಮ್ಮದೇ ದುಡ್ಡಿನಲ್ಲಿ ಕವಿತೆಗಳ ಪುಸ್ತಕ ತಂದರು. ಮೊದಲ ವರ್ಷ ಮಾರಾಟವಾದದ್ದು ಎರಡು ಪ್ರತಿ. ನಮ್ಮ ಕಡೆ ಸ್ವಂತ ಖರ್ಚಿನಲ್ಲಿ ಕವನ ಸಂಕಲನ ತರುವವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬಹುದು.

ನಮ್ಮವರು ಸತ್ತವರ ಲೆಕ್ಕ ಹಾಕತೊಡಗಿದರು. ಅವರ ಅಪ್ಪ, ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಇಲ್ಲಿಗೆ ಬಂದದ್ದು 1820ರಲ್ಲಿ, ಹೆಂಡತಿ, ಆರು ಮಕ್ಕಳ ಜತೆ. ಮರುವರ್ಷವೇ ಹೆಂಡತಿ ಹೋದಳು. ದೊಡ್ಡಮ್ಮ ದೂರದ ಪೆಂಜಾನ್ಸಿನಿಂದ ಬಂದು ಮಕ್ಕಳನ್ನು ಸಾಕಿದಳು. 1825ರಲ್ಲಿ ದೊಡ್ಡ ಹುಡುಗಿಯರಿಬ್ಬರು ಹಾಸ್ಟೆಲ್ ಶಾಲೆಯಿಂದ ಕ್ಷಯ ಹಿಡಿಸಿಕೊಂಡು ಬಂದು ಸತ್ತರು. 1848ರ ಸೆಪ್ಟೆಂಬರಿನಲ್ಲಿ ಮಗ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, ಮರುವರ್ಷ ಮೇ ತಿಂಗಳಲ್ಲಿ ಆ್ಯನ್. 1855ರಲ್ಲಿ ಶಾರ್ಲೆಟ್, ಮದುವೆಯಾಗಿ ವರ್ಷವೂ ಆಗಿರಲಿಲ್ಲ, ಬಸುರಿ. ಅಪ್ಪ ಆರೂ ಮಕ್ಕಳನ್ನು ಕಳೆದುಕೊಂಡು 84ರವರೆಗೆ ಬದುಕಿದ. ಅವನ ಕೋಣೆಯಲ್ಲಿ ನಮ್ಮ ಹುಡುಗಿಯರು ಬಹಳ ಹೊತ್ತು ನಿಂತಿದ್ದರು. ಇಂಥ ಅಜ್ಜಂದಿರು ಎಲ್ಲ ಊರಲ್ಲೂ ಒಬ್ಬರಿರುತ್ತಾರೆ.

ಹೊರಗೆ ಬಂದಾಗ ಸಿದ್ದಾಪುರ ಕಡೆಯ ಮಾಣಿ ಸ್ಮಶಾನದ ಗೋಡೆ ಪಕ್ಕ ನಿಂತು ಕೆಳಗಿನ ಊರನ್ನೇ ನೋಡುತ್ತಿದ್ದ. ಇವನು ಇಂಗ್ಲಿಷ್ ಮೇಜರ್ ತೆಗೆದುಕೊಂಡದ್ದು ಬೇರೆಲ್ಲೂ ಸೀಟು ಸಿಗದೆ. ಪರೀಕ್ಷೆಯಲ್ಲಿ ಹೇಗೋ ದಾಟುತ್ತಾನೆ. ಇಡೀ ಪ್ರವಾಸದಲ್ಲಿ ಹೆಚ್ಚು ಮಾತಾಡಿರಲಿಲ್ಲ. ನನ್ನನ್ನು ನೋಡಿ ಕೇಳಿದ: “ಮೇಡಂ, ಇವ್ರಿಗೆ ನೀರು ಎಲ್ಲಿಂದ ಬರ್ತಿತ್ತು?” ಬಾವಿ ಇರಬೇಕು, ಕೆಳಗೆ ಪೇಟೆಯಲ್ಲಿ ಅಂದೆ. “ಹಂಗಾರೆ ಉಲ್ಟಾ ಆತು. ನಮ್ಮನೇಲಿ ಅಬ್ಬಿ ನೀರು. ಮೇಲಿಂದ ಹರಿದು ಬರೂ ನೀರಿನ ದಾರಿಗೆ ನಾವು ಕೊಟ್ಟಿಗೆ ಕೂಡಾ ಕಟ್ಟೂದಿಲ್ಲ. ಇಲ್ಲಿ ಹೆಣ ಮೇಲೆ, ಬಾವಿ ಕೆಳಗೆ.”

ಈ ಮಾತನ್ನು ನಾನು ಮ್ಯೂಸಿಯಮ್ಮಿನ ಹಿರಿಯ ಸಿಬ್ಬಂದಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಮಾಣಿಯನ್ನು ಒಮ್ಮೆ ನೋಡಿದರು. ಇದೇ ಮಾತನ್ನು ಬೆಂಜಮಿನ್ ಬ್ಯಾಬೇಜ್ ಎಂಬ ಸರಕಾರಿ ಇನ್‌ಸ್ಪೆಕ್ಟರ್ 1850ರಲ್ಲಿ ಬರೆದು ಕೊಟ್ಟಿದ್ದಾನೆ ಅಂದರು. ವರದಿಯ ವಿವರ ಕೇಳಿ ನಾವು ದಂಗಾದೆವು. ಊರಿಗೆ ಚರಂಡಿ ಇರಲಿಲ್ಲ. ಮನೆಮನೆಗೆ ಪಾಯಿಖಾನೆ ಇಲ್ಲ, ಹಲವು ಕುಟುಂಬಗಳಿಗೆ ಒಂದು. ತಿಪ್ಪೆ ನೀರು ಬೀದಿಯಲ್ಲೇ ಹರಿಯುತ್ತಿತ್ತು. ತುಂಬಿ ತುಳುಕುವ ಸ್ಮಶಾನದ ಮೇಲೆ ಚಪ್ಪಟೆ ಕಲ್ಲು ಹಾಸಿದ್ದರಿಂದ ಗಾಳಿಯಾಡದೆ ಹೆಣ ಬೇಗ ಮಣ್ಣಾಗುತ್ತಿರಲಿಲ್ಲ. ಊರಿನವರ ಸರಾಸರಿ ಆಯುಷ್ಯ 25.8 ವರ್ಷ. ನೂರರಲ್ಲಿ 41 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಇನ್‌ಸ್ಪೆಕ್ಟರನ್ನು ಕಳಿಸಿ ಅಂತ ಸರಕಾರಕ್ಕೆ ಅರ್ಜಿ ಬರೆದವರಲ್ಲಿ ಮುಂದೆ ನಿಂತದ್ದು ಪ್ಯಾಟ್ರಿಕ್ ಬ್ರಾಂಟೆಯೇ. ಮೂರು ಮಕ್ಕಳನ್ನು ವರ್ಷದೊಳಗೆ ಕಳೆದುಕೊಂಡ ಆ 1849ರಲ್ಲೇ ಅವನು ನೀರಿಗಾಗಿ ಅರ್ಜಿ ಹಾಕುತ್ತಿದ್ದ.

ಬ್ರಾಂಟೆ ಮಕ್ಕಳು ಸತ್ತದ್ದು ಮುಖ್ಯವಾಗಿ ಕ್ಷಯದಿಂದ, ಈ ನೀರಿನಿಂದ ಅಂತ ಹೇಳಲು ಬರುವುದಿಲ್ಲ. ಅದನ್ನು ಆ ಹಿರಿಯರೂ ಸ್ಪಷ್ಟ ಹೇಳಿದರು. ಆದರೆ ಮನೆಯ ಕಿಟಕಿ ತೆಗೆದರೆ ವಾರಕ್ಕೆಷ್ಟೋ ಶವಸಂಸ್ಕಾರ ಕಾಣುವ ಊರಿನಲ್ಲಿ ಕೂತು ಅವರು ಬರೆದರು ಎಂಬುದು ನಾವು ಹೇಳಿಕೊಡುವ ಪಾಠದಲ್ಲಿ ಇಲ್ಲ. ಎಮಿಲಿಯ ಕಾದಂಬರಿ ‘ವದರಿಂಗ್ ಹೈಟ್ಸ್’ನ ತುಂಬೆಲ್ಲ ಚಿಕ್ಕ ವಯಸ್ಸಿನ ಸಾವುಗಳು. ವಿಮರ್ಶಕರು ಅದನ್ನು ಗಾಥಿಕ್ ಕಲ್ಪನೆ ಅನ್ನುತ್ತಾರೆ. ಕಲ್ಪನೆ ಎಷ್ಟು, ಪಕ್ಕದ ಮನೆ ಎಷ್ಟು ಅಂತ ನನಗೆ ಈಗ ಅನುಮಾನ.

ಮಾಣಿಯ ಮುಖದಲ್ಲಿ ಅವತ್ತು ಏನೂ ಬದಲಾವಣೆ ಕಾಣಲಿಲ್ಲ. “ಒಳ್ಳೇ ಇನ್‌ಸ್ಪೆಕ್ಟರ್,” ಅಂದನಷ್ಟೇ. ಆ ಬ್ಯಾಬೇಜನ ಅಪ್ಪನೇ ಕಂಪ್ಯೂಟರಿನ ಕಲ್ಪನೆ ಕಟ್ಟಿದ ಚಾರ್ಲ್ಸ್ ಬ್ಯಾಬೇಜ್ ಅಂತ ಬಿಸಿಎ ಸೇರಬೇಕಿದ್ದ ಇನ್ನೊಬ್ಬ ಹುಡುಗ ಮೊಬೈಲಿನಲ್ಲಿ ಹುಡುಕಿ ಹೇಳಿದ.

ಕವಿ ವರ್ಡ್ಸ್‌ವರ್ತ್ ಇದ್ದ, ಸರೋವರ ಸೀಮೆಯ ಗ್ರಾಸ್ಮಿಯರಿಗೆ ಹೋಗುವಾಗ ಮಳೆಯ ಬಗ್ಗೆ ನಮಗೆ ಬಹಳ ಎಚ್ಚರಿಕೆ ಸಿಕ್ಕಿತ್ತು. ಆ ಸರೋವರ ಸೀಮೆಯ ಸೀತ್‌ವೇಟ್ ಎಂಬ ಹಳ್ಳಿ ಇಂಗ್ಲೆಂಡಿನಲ್ಲಿ ಜನ ವಾಸಿಸುವ ಜಾಗಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು, ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ಕಾರವಾರದಲ್ಲೂ 3000ದ ಆಸುಪಾಸು ಬೀಳುತ್ತದೆ, ಅದೂ ಹೆಚ್ಚಿನದ್ದೆಲ್ಲ ನಾಲ್ಕೇ ತಿಂಗಳಲ್ಲಿ. ನಮ್ಮವರು ಆ ಜಿನುಗು ಮಳೆಯನ್ನು ಮಳೆ ಅಂತ ಒಪ್ಪಲೇ ಇಲ್ಲ. ಎರಡು ತಾಸು ಕಳೆದ ಮೇಲೆ ನೋಡಿದರೆ ಎಲ್ಲರ ಬಟ್ಟೆಯೂ ಒದ್ದೆ.

ವರ್ಡ್ಸ್‌ವರ್ತ್ 1799ರ ಕೊನೆಯಿಂದ 1808ರವರೆಗೆ ಇದ್ದ ಡವ್ ಕಾಟೇಜ್ ಮೊದಲು ಸಾರಾಯಿ ಅಂಗಡಿ. ಒಳಗೆ ಕತ್ತಲೆ. ತಂಗಿ ಡೊರೊತಿ ಒಂದು ಕೋಣೆಯ ಗೋಡೆಗೆಲ್ಲ ಹಳೆ ಪೇಪರ್ ಅಂಟಿಸಿದ್ದಳು, ಥಂಡಿ ತಡೆಯಲು. ಹಾಲು, ಬೆಣ್ಣೆ ಇಡುವ ಕೋಣೆಯ ನೆಲದಡಿ ಸಣ್ಣ ಹಳ್ಳ ಹರಿಯುತ್ತದೆ, ಅದೇ ಅವರ ಫ್ರಿಜ್. ಈ ಉಪಾಯ ಎಲ್ಲರಿಗೂ ಬಹಳ ಮೆಚ್ಚಿಗೆಯಾಯಿತು, ಡ್ಯಾಫಡಿಲ್ ಹೂವಿಗಿಂತ. ಹೂವಂತೂ ಇರಲೇ ಇಲ್ಲ, ಅದರ ಕಾಲ ಏಪ್ರಿಲಿಗೇ ಮುಗಿಯುತ್ತದೆ, ನಾವು ಹೋದದ್ದು ಜೂನ್.

ಆ ಹೂವಿನ ಮೇಲೆ ವರ್ಡ್ಸ್‌ವರ್ತ್ ಬರೆದ ಹೆಸರಾಂತ ಕವಿತೆಯ ಲೆಕ್ಕ ಕೇಳಿ. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಇಬ್ಬರೂ ಅಲ್ಸ್‌ವಾಟರ್ ದಂಡೆಯಲ್ಲಿ ನಡೆಯುವಾಗ ಹೂ ಕಂಡವು. ಅವತ್ತಿನ ಡೈರಿಯಲ್ಲಿ ಹೂಗಳು ತಲೆಯಾಡಿಸಿದ್ದು, ಕುಣಿದದ್ದು, ನಕ್ಕದ್ದು ಎಲ್ಲ ಬರೆದಿಟ್ಟವಳು ಡೊರೊತಿ. ವರ್ಡ್ಸ್‌ವರ್ತ್ ಕವಿತೆ ಬರೆದದ್ದು ಸುಮಾರು ಎರಡು ವರ್ಷದ ಮೇಲೆ. ಅದರಲ್ಲೂ ಒಳಗಣ್ಣು, ಏಕಾಂತದ ಸುಖ ಅಂತ ಬರುವ ಎರಡು ಸಾಲು ಹೆಂಡತಿ ಮೇರಿಯದ್ದು. ಇಡೀ ಕವಿತೆಯಲ್ಲಿ ಅವೇ ಎಲ್ಲಕ್ಕಿಂತ ಒಳ್ಳೆಯ ಸಾಲು ಅಂತ ಅವನೇ ಒಪ್ಪಿಕೊಂಡಿದ್ದ. ಒಂಟಿಯಾಗಿ ಅಲೆದೆ ಅಂತ ಶುರುವಾಗುವ ಕವಿತೆಗೆ ಮನೆಮಂದಿಯೆಲ್ಲ ಕೈ ಹಾಕಿದ್ದಾರೆ. “ತೋಟದ ಕೆಲ್ಸ ಎಲ್ರೂ ಮಾಡ್ತಾರೆ, ಪಹಣಿ ಅಜ್ಜನ ಹೆಸ್ರಲ್ಲಿ,” ಅಂತ ದಸ್ತಾವೇಜಿನವರ ಮಗಳು ಹೇಳಿದಾಗ ಬಸ್ಸಿನವರೆಲ್ಲ ನಕ್ಕರು. ಆ ಹುಡುಗಿ ಮುಂದೆ ವಕೀಲೆ ಆಗದಿದ್ದರೆ ಕೇಳಿ.

ಚರ್ಚಿನ ಪಕ್ಕ 1854ರಿಂದ ಶುಂಠಿಯ ಬಿಸ್ಕತ್ತಿನಂಥದ್ದು ಮಾರುವ ಪುಟ್ಟ ಅಂಗಡಿ ಇದೆ, ಮೊದಲು ಅದು ಊರಿನ ಶಾಲೆ, ವರ್ಡ್ಸ್‌ವರ್ತ್ ಅಲ್ಲಿ ಪಾಠವನ್ನೂ ಮಾಡಿದ್ದ. ಮನೆಗೆ ಅಂತ ಕಟ್ಟಿಸಿಕೊಂಡ ಪೊಟ್ಟಣಗಳು ಬಸ್ಸಿನಲ್ಲೇ ಖಾಲಿಯಾದವು.

ಊರಿಗೆ ಬಂದ ಮೇಲೆ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಮಕ್ಕಳೇ ಪವರ್‌ಪಾಯಿಂಟ್ ಹಾಕಿ ಅನುಭವ ಹೇಳಿದರು. ದತ್ತು ಅಣ್ಣನ ಕಥೆ, 53 ವರ್ಷದ ಕರಾರು, ಗ್ಲೋಬಿನ ಚೌಕಿ. ಸಿದ್ದಾಪುರದ ಮಾಣಿ ಹಾವರ್ತ್ ಊರಿನ ಇಳಿಜಾರಿನ ಚಿತ್ರ ತಾನೇ ಬರೆದು, ಸ್ಮಶಾನ, ಬಾವಿ, ಬೀದಿ ಎಲ್ಲಕ್ಕೂ ಬಾಣದ ಗುರುತು ಹಾಕಿ ವಿವರಿಸಿದ. ಇಂಗ್ಲಿಷ್ ತಪ್ಪುತಪ್ಪಾಗಿತ್ತು, ಒಬ್ಬರೂ ಮಿಸುಕಲಿಲ್ಲ. ಕೊನೆಯಲ್ಲಿ ಪ್ರಿನ್ಸಿಪಾಲರು, ಇದು ಇಂಗ್ಲಿಷ್ ವಿಭಾಗದ ಕಾರ್ಯಕ್ರಮವೋ ಪಂಚಾಯತಿಯದ್ದೋ ಅಂತ ನಗುತ್ತಾ ಕೇಳಿದರು.

ಬೇರೆ ಕಾಲೇಜಿನ ಅಧ್ಯಾಪಕರು ಕೆಲವರು ಫೋನ್ ಮಾಡಿ ನಾವೂ ಹೋಗಬಹುದಾ ಅಂತ ಕೇಳುತ್ತಿದ್ದಾರೆ. ಸಾಲ ಮಾಡಿಸಿ ಮಕ್ಕಳನ್ನು ಕರೆದೊಯ್ಯಬೇಡಿ, ಅದು ನನ್ನ ಗಟ್ಟಿ ಅಭಿಪ್ರಾಯ. ಹೋಗುವುದೇ ಆದರೆ ಲಂಡನ್ನಿನ ದಿನ ಕಡಿಮೆ ಮಾಡಿ, ಹಾವರ್ತಿನಲ್ಲಿ ಒಂದು ರಾತ್ರಿ ಉಳಿಯಿರಿ. ಮನೆ ಮ್ಯೂಸಿಯಂಗಳ ಕೋಣೆ ಸಣ್ಣವು, ಗುಂಪು ಮೊದಲೇ ಬುಕ್ ಮಾಡಬೇಕು, ಒಳಗೆ ಬಿಡುವುದು ಸ್ವಲ್ಪ ಸ್ವಲ್ಪ ಜನರನ್ನೇ. ಬಸ್ಸಿನ ವೇಳಾಪಟ್ಟಿ ಹಾಕುವಾಗ ಡ್ರೈವರಿನ ಮುಕ್ಕಾಲು ತಾಸು ಸೇರಿಸಿಕೊಳ್ಳಿ. ಜೂನ್ ಅಂತ ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ. ತೊಡೆದೇವು ಬೇಡ, ಅಪ್ಪೆಮಿಡಿ ಇರಲಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ.